ಹೊನ್ನು, ಕಲ್ಲು, ಮರಳು: ನೆಲ ಅಗೆದು ಬದುಕಿದವರ ಕಥೆ ಮತ್ತು ಸಹಕಾರದ ದಾರಿ



ಒಂದು ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬುವುದು ಸಣ್ಣ ಮಾತಲ್ಲ. ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ರೈತರ ಬಗ್ಗೆ, ಸಾಲ-ಠೇವಣಿಗಳ ಬಗ್ಗೆ, ಗೊಬ್ಬರ-ಬೀಜಗಳ ಬಗ್ಗೆ ಲೇಖನಗಳು ಬರುತ್ತವೆ. ಅದು ಸರಿಯೇ. ಆದರೆ ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳಲ್ಲಿ ನೆಲವನ್ನು ಉತ್ತು ಬದುಕಿದವರ ಜೊತೆಗೇ ನೆಲವನ್ನು ಅಗೆದು ಬದುಕಿದವರೂ ಇದ್ದಾರೆ. ಹಳ್ಳದ ಮರಳಲ್ಲಿ ಹೊನ್ನಿನ ಕಣ ಹುಡುಕಿದವರು, ಕಪ್ಪು ಮರಳು ಕಾಯಿಸಿ ಕಬ್ಬಿಣ ಮಾಡಿದವರು, ಬಂಡೆ ಸೀಳಿ ಕಂಬ, ಚಪ್ಪಡಿ, ಒರಳು ಕೊಟ್ಟವರು, ಕೆರೆಯ ಮಣ್ಣು ಹೊತ್ತವರು, ಹೊಳೆಯ ಮರಳು ತೋಡಿದವರು ಇವರೆಲ್ಲ. ಊರಿನ ಪ್ರತಿ ಮನೆಯ ಹೊಸ್ತಿಲು, ಪ್ರತಿ ಬಾವಿಯ ಕಟ್ಟೆ ಇವರ ಕೈಯಿಂದಲೇ ಬಂದದ್ದು. ಆದರೂ ಊರಿನ ಇತಿಹಾಸ ಬರೆಯುವಾಗ ಇವರ ಹೆಸರು ಬರುವುದು ಕಡಿಮೆ. ಸಂಘದ ಷೇರುದಾರರ ಪಟ್ಟಿಯಲ್ಲಂತೂ ಇನ್ನೂ ಕಡಿಮೆ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಬೇಕೆಂಬುದೇ ಈ ಬರಹದ ಉದ್ದೇಶ.

ಮೊದಲು ಒಂದು ಮಾತು. ಈಗ ನಾವು ದಾವಣಗೆರೆ ಜಿಲ್ಲೆ ಅನ್ನುತ್ತೇವೆ. ಈ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ತಾಲೂಕುಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾದದ್ದು ತೀರ ಈಚೆಗೆ, 2018ರ ಹೊತ್ತಿಗೆ. ಆದ್ದರಿಂದ ಹಳೆಯ ಕಾಗದಪತ್ರಗಳಲ್ಲಿ ‘ಹೊನ್ನಾಳಿ’ ಅಂತ ಇದ್ದರೆ ಅದರೊಳಗೆ ಇಂದಿನ ನ್ಯಾಮತಿಯೂ ಸೇರಿದೆ ಎಂದು ತಿಳಿಯಬೇಕು.

ಜಾಲಗಾರರು

ನಮ್ಮ ಮನೆಗಳಲ್ಲಿ ಅಕ್ಕಿ ಜಾಲಿಸುತ್ತೇವೆ. ನೀರು ಹಾಕಿ ತೂಗಾಡಿಸಿದರೆ ಹಗುರವಾದ ಅಕ್ಕಿ ನೀರಿನ ಜೊತೆ ಮುಂದಕ್ಕೆ ಹೋಗುತ್ತದೆ, ಭಾರವಾದ ಕಲ್ಲು ತಳದಲ್ಲಿ ಉಳಿಯುತ್ತದೆ. ಇದೇ ಉಪಾಯದಿಂದ ಹಳ್ಳದ ಮರಳನ್ನು ಜಾಲಿಸಿ ಚಿನ್ನ ತೆಗೆಯುತ್ತಿದ್ದವರೇ ಜಾಲಗಾರರು. ಅವರ ಸಾಮಾನು ಬಹಳ ಸರಳ. ಒಂದು ಗುದ್ದಲಿ, ಒಂದು ಮರದ ಮರಿಗೆ, ನೀರು ಎರೆಯಲು ಒಂದು ಪಾತ್ರೆ. ಜೋರು ಮಳೆ ಬಂದು ಹಳ್ಳ ಇಳಿದ ಮೇಲೆ, ಹರಿವು ನಿಧಾನವಾಗುವ ತಿರುವುಗಳಲ್ಲಿ, ಬಂಡೆಯ ಸಂದುಗಳಲ್ಲಿ ಕೂತ ಮರಳನ್ನು ಕೆದರಿ ತೊಳೆಯುವರು. ಕೊನೆಗೆ ಮರಿಗೆಯ ತಳದಲ್ಲಿ ಕಪ್ಪು ಮರಳು ಉಳಿದು, ಅದರ ನಡುವೆ ಒಂದೋ ಎರಡೋ ಹೊಳೆಯುವ ಕಣ. ಇಡೀ ದಿನ ನಡ ಬಗ್ಗಿಸಿದರೆ ಆ ದಿನದ ಕೂಳಿಗೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಈ ಜಾಲಗಾರರ ವಿಷಯ ಹೆಚ್ಚು ದಾಖಲಾಗಿರುವುದು ಗದಗ ಸೀಮೆಯ ಕಪ್ಪತಗುಡ್ಡದ ಸುತ್ತ. 19ನೇ ಶತಮಾನದ ಮೊದಲ ಭಾಗದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಅಧಿಕಾರಿ, 1870ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆ ಗುಡ್ಡಗಳ ಚಿನ್ನದ ಬಗ್ಗೆ ಬರೆದರು. ಅದೇ ಫೂಟ್ ಸಾಹೇಬರು 1880ರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿನ್ನದ ಸೀಮೆಗಳನ್ನು ನೋಡುತ್ತ ಬಂದಾಗ ನಮ್ಮ ಹೊನ್ನಾಳಿಯ ನೆಲವನ್ನೂ ಪರೀಕ್ಷಿಸಿದರು. ಅವರ ಬರಹಗಳಲ್ಲಿ ಹೊನ್ನಾಳಿ ಒಂದು ಪ್ರತ್ಯೇಕ ಚಿನ್ನದ ಪ್ರದೇಶವೆಂದೇ ಬರುತ್ತದೆ. ಮುಂದೆ 1894ರಲ್ಲಿ ಮೈಸೂರು ಸರ್ಕಾರ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಹೊಣೆ ಹೊತ್ತವರೂ ಇವರೇ. ‘ಹೊನ್ನಾಳಿ’ ಎಂಬ ಹೆಸರಿನಲ್ಲೇ ಹೊನ್ನು ಇದೆಯಲ್ಲ ಅಂತ ನಮ್ಮವರು ಹೇಳುವುದುಂಟು. ಬರೀ ಹೆಸರು ಹಿಡಿದು ಇತಿಹಾಸ ಬರೆಯಲಾಗದು, ಆದರೆ ನೆಲದಲ್ಲಿ ಹೊನ್ನು ಇದ್ದದ್ದಂತೂ ನಿಜ.

ಇಲ್ಲಿ ಒಂದು ವಿಚಾರ ಗಮನಿಸಬೇಕು. ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಚಿನ್ನದ ಜಾಗ ಗುರುತಿಸುವ ಮೊದಲೇ ಅದನ್ನು ಬಲ್ಲವರು ಈ ಬಡ ಜಾಲಗಾರರು. ಕೋಲಾರದ ಕಥೆಯೂ ಇದೇ. 1802ರಲ್ಲಿ ಗಡಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್‌ಗೆ ಅಲ್ಲಿ ಚಿನ್ನವಿದೆಯೆಂದು ತೋರಿಸಿಕೊಟ್ಟದ್ದು ಮಣ್ಣು ತೊಳೆದು ಜೀವನ ಮಾಡುತ್ತಿದ್ದ ಹಳ್ಳಿಯವರು. ಗಣಿಯ ಇತಿಹಾಸದಲ್ಲಿ ವಾರೆನ್ ಹೆಸರು ಉಳಿಯಿತು. ತೋರಿಸಿಕೊಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ.

ಕಂಪನಿ ಬಂತು, ಕಂಪನಿ ಹೋಯಿತು

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಕಾಲಿಟ್ಟು, ಕೆಲವೇ ವರ್ಷಗಳಲ್ಲಿ ಅಲ್ಲಿ ಚಿನ್ನದ ಹೊಳೆ ಹರಿದಾಗ ದಕ್ಷಿಣ ಹಿಂದೂಸ್ಥಾನದಲ್ಲೆಲ್ಲ ಚಿನ್ನದ ಹುಚ್ಚು ಹಿಡಿಯಿತು. ಆ ಗಾಳಿ ನಮ್ಮ ಕಡೆಗೂ ಬೀಸಿತು. 19ನೇ ಶತಮಾನದ ಕೊನೆಯಲ್ಲಿ ಹೊನ್ನಾಳಿ-ನ್ಯಾಮತಿ ಸೀಮೆಯ ಕುದುರೆಕೊಂಡ, ಪಲವನಹಳ್ಳಿ ಸುತ್ತ ಬಂಡವಾಳ ಹಾಕಿ ಬಾವಿ ತೋಡಿದರು, ಯಂತ್ರ ತಂದರು. ಆದರೆ ಕೋಲಾರದ ಹಾಗೆ ಇಲ್ಲಿ ಕೈ ಹತ್ತಲಿಲ್ಲ, ಕೆಲಸ ನಿಂತಿತು.

ಕೋಲಾರ ನೂರಿಪ್ಪತ್ತು ವರ್ಷ ನಡೆಯಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ತು ಹೋಯಿತು. ಬೆಂಗಳೂರು ಪೇಟೆಗಿಂತ ಮುಂಚೆ ಗಣಿಗೆ ದೀಪ ಬಂತು. ಕೊನೆಗೆ 2001ರ ಫೆಬ್ರವರಿ 28ರಂದು ಆ ಗಣಿಯನ್ನೂ ಮುಚ್ಚಿದರು. ಸಾವಿರಾರು ಸಂಸಾರಗಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗುವ ಸ್ಥಿತಿ ಬಂತು. ‘ಕೂತು ಉಂಡರೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆ ನಮ್ಮಲ್ಲಿದೆ. ಕೋಲಾರದವರೇನೂ ಕೂತು ಉಣ್ಣಲಿಲ್ಲ. ಪಾತಾಳಕ್ಕಿಳಿದು ದುಡಿದರು. ಆದರೂ ಹೊನ್ನು ಹೊರಗೆ ಹೋಯಿತು, ಊರಿಗೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು. ನೆಲದೊಳಗಿನ ಸಂಪತ್ತು ಬೆಳೆಯ ಹಾಗಲ್ಲ, ಒಂದು ಸಲ ತೆಗೆದರೆ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಅದು ಇರುವಾಗಲೇ ಅದರ ಒಂದು ಪಾಲು ಶಾಲೆಯಾಗಿ, ನೀರಾಗಿ, ಆಸ್ಪತ್ರೆಯಾಗಿ ಊರಿನಲ್ಲಿ ನಿಲ್ಲಬೇಕು. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಇದೊಂದೇ ಮಾತಿನ ವಿಸ್ತಾರ.

ಕಬ್ಬಿಣದ ಕುಲುಮೆಗಳು

ಚನ್ನಗಿರಿ ತಾಲೂಕಿನ ಉಬ್ರಾಣಿ, ತಾವರೆಕೆರೆ ಸುತ್ತಿನ ಗುಡ್ಡಗಳಲ್ಲಿ ವೆನೇಡಿಯಂ ಬೆರೆತ ಕಬ್ಬಿಣದ ಅದಿರಿದೆ. ಜೋಳದಾಳಿನ ಹೆಸರಂತೂ ಭೂವಿಜ್ಞಾನದ ಪುಸ್ತಕಗಳಲ್ಲೇ ಒಂದು ಶಿಲಾಸ್ತರಕ್ಕೆ ಇಟ್ಟ ಹೆಸರಾಗಿದೆ. ಅಮ್ಮನಗುಡ್ಡದ ದೇವಿಯ ದರ್ಶನಕ್ಕೆ ಹೋಗಿಬರುವ ನಮಗೆ ಈ ವಿಷಯ ಗೊತ್ತಿರುವುದು ಅಪರೂಪ.

ಹಿಂದೆ ಕಬ್ಬಿಣವನ್ನು ಹಳ್ಳಿಯಲ್ಲೇ ಕರಗಿಸುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಮುಂತಾದ ಕಡೆ ಇಂಥ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿದ್ದಾನೆ. ಮಳೆಗಾಲದಲ್ಲಿ ಹಳ್ಳದಿಂದ ಕಪ್ಪು ಮರಳು ಕೂಡಿಸಿ ತೊಳೆಯುವವರು ಕೆಲವರು, ಕಾಡಿನಲ್ಲಿ ಇದ್ದಲು ಸುಡುವವರು ಕೆಲವರು, ತಿದಿ ಒತ್ತುವವರು ಕೆಲವರು, ಕುಲುಮೆ ನೋಡಿಕೊಳ್ಳುವವರು ಕೆಲವರು. ಒಬ್ಬನಿಂದ ಆಗುವ ಕೆಲಸವಲ್ಲ ಅದು. ಹೆಸರಿಗೆ ಸಂಘವಿಲ್ಲದಿದ್ದರೂ ನಡೆಯುತ್ತಿದ್ದದ್ದು ಕೂಡು ಕೆಲಸವೇ. ಆ ಮೇಲೆ ಸೀಮೆ ಕಬ್ಬಿಣ ಅಗ್ಗಕ್ಕೆ ಬಂತು, ಇದ್ದಲಿಗೆ ಕಾಡಿನ ನಿರ್ಬಂಧ ಬಂತು, ಕುಲುಮೆಗಳು ಆರಿದವು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ನಮ್ಮ ಸೀಮೆಯ ಅನೇಕರಿಗೆ ಅನ್ನವಾಯಿತೆಂಬುದು ನಿಜ. ಆದರೆ ಕುಲುಮೆಯ ಒಡೆಯನಾಗಿದ್ದವನು ಆಗ ಗೇಟಿನ ಮುಂದೆ ಹಾಜರಿ ಹಾಕುವ ಕೂಲಿಯಾದ.

ಕಲ್ಲು ಕೆಲಸದವರು

ಹೊನ್ನು, ಕಬ್ಬಿಣ ಹಳೆಯ ಮಾತಾಯಿತು. ಕಲ್ಲು ಮಾತ್ರ ಇಂದಿಗೂ ನಡೆಯುತ್ತಿರುವ ಕಸುಬು. ಚನ್ನಗಿರಿ ತಾಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ನೂರಾರು ವರ್ಷಗಳಿಂದ ಸಾವಿರಾರು ಎಕರೆಗೆ ನೀರುಣಿಸುತ್ತಿದೆ. ಶಾಂತವ್ವ ಕಟ್ಟಿಸಿದಳೆಂಬ ಕಥೆ ನಾವೆಲ್ಲ ಕೇಳಿದ್ದೇವೆ. ಸಂತೆಬೆನ್ನೂರಿನ ಪುಷ್ಕರಣಿಯನ್ನು 16ನೇ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ. ಕಟ್ಟಿಸಿದವರ ಹೆಸರು ಉಳಿದಿದೆ. ಕಟ್ಟಿದವರು ಯಾರು? ಏರಿಗೆ ಮಣ್ಣು ಹೊತ್ತವರು, ತೂಬಿಗೆ ಕಲ್ಲು ಕೂರಿಸಿದವರು, ಪುಷ್ಕರಣಿಯ ಒಂದೊಂದು ಮೆಟ್ಟಿಲನ್ನೂ ಗುಂಡು ನೂಲು ಹಿಡಿದು ಜೋಡಿಸಿದವರು ಯಾರು?

ಇಂಥ ಕೆಲಸದಲ್ಲಿ ನಮ್ಮ ನಾಡಿನ ಭೋವಿ ಜನಾಂಗದವರದ್ದು ದೊಡ್ಡ ಪಾಲು. ಕಲ್ಲು ಒಡೆಯುವವರನ್ನು ಕಲ್ಲುವಡ್ಡರೆಂದೂ, ಕೆರೆ-ಬಾವಿಯ ಮಣ್ಣು ಕೆಲಸದವರನ್ನು ಮಣ್ಣುವಡ್ಡರೆಂದೂ ಕರೆಯುವ ರೂಢಿ ಇತ್ತು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮರನ್ನು ಇವರು ಗುರುವೆಂದು ನಂಬಿದ್ದಾರೆ. ಕೆರೆ ತೋಡುವುದೇ ಪೂಜೆ ಎಂದು ತೋರಿಸಿದ ಗುರು ಮಣ್ಣು ಹೊರುವವರ ಗುರುವಾದದ್ದು ಎಷ್ಟು ಸಹಜ! ಬೇಸಾಯದ ಸುಗ್ಗಿ ಇಲ್ಲದ, ಮಳೆ ಕೈಕೊಡುವ ಜಗಳೂರಿನಂಥ ಸೀಮೆಯಲ್ಲಂತೂ ಬಾವಿ ತೋಡುವುದು, ಒಡ್ಡು ಹಾಕುವುದು, ಜಲ್ಲಿ ಒಡೆಯುವುದು ಅನೇಕ ಜಾತಿ-ಜನಾಂಗದ ಬಡವರಿಗೆಲ್ಲ ಬರಗಾಲದ ಆಸರೆಯಾಗಿತ್ತು.

ಇವರ ವಿದ್ಯೆ ಸಾಮಾನ್ಯವಲ್ಲ. ಬಂಡೆಯ ಮೇಲೆ ಸೌದೆ ಉರಿಸಿ ಪದರ ಎಬ್ಬಿಸುವುದು, ಬಂಡೆಯ ನಾರು ಯಾವ ಕಡೆಗಿದೆ ಅಂತ ಬರೀ ಸುತ್ತಿಗೆಯ ಸದ್ದಿನಲ್ಲೇ ತಿಳಿಯುವುದು, ಸಾಲಾಗಿ ಗುಳಿ ಹೊಡೆದು ಚಾಣ ಕೂರಿಸಿ ಒಂದೊಂದಕ್ಕೂ ಅಳತೆಯ ಪೆಟ್ಟು ಕೊಟ್ಟು ಇಡೀ ಕಂಬವನ್ನು ಸೌತೆಕಾಯಿಯಂತೆ ಸೀಳುವುದು. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಅಪ್ಪನಿಂದ ಮಗ ಕಲಿತದ್ದು. ಅವರು ಬಂಡೆಯಲ್ಲಿ ಬೇಕಾದಷ್ಟೇ ತೆಗೆಯುತ್ತಿದ್ದರು. ಗುಡ್ಡಕ್ಕೆ ಗುಡ್ಡವೇ ಮಾಯವಾಗುತ್ತಿರಲಿಲ್ಲ. ಜಲ್ಲಿ ಕ್ರಷರ್ ಬಂದ ಮೇಲೆ ಲೆಕ್ಕ ಬದಲಾಯಿತು. ಕೈಯಲ್ಲಿ ಜಲ್ಲಿ ಒಡೆಯುತ್ತಿದ್ದ ಹೆಂಗಸರ ಕೆಲಸ ಹೋಯಿತು, ಕಲ್ಲಿನ ಒಡೆತನ ಬಂಡವಾಳ ಇದ್ದವರ ಕೈ ಸೇರಿತು.

ಕಾಯಿದೆ ಏನು ಹೇಳುತ್ತದೆ

1957ರ ಗಣಿ ಮತ್ತು ಖನಿಜ ಕಾಯಿದೆಯ ಪ್ರಕಾರ ಕಟ್ಟಡದ ಕಲ್ಲು, ಸಾಮಾನ್ಯ ಮರಳು, ಸಾಮಾನ್ಯ ಜೇಡಿ, ಗರಸು ಇವೆಲ್ಲ ಉಪಖನಿಜಗಳು. ಇವುಗಳಿಗೆ ನಿಯಮ ಮಾಡುವ ಅಧಿಕಾರ ರಾಜ್ಯ ಸರ್ಕಾರದ್ದು. ಅದರಂತೆ ನಮ್ಮಲ್ಲಿ 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು ಜಾರಿಯಲ್ಲಿವೆ, ಕಾಲಕಾಲಕ್ಕೆ ತಿದ್ದುಪಡಿಯಾಗಿವೆ. 2012ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟು ದೀಪಕ್ ಕುಮಾರ್ ಪ್ರಕರಣದಲ್ಲಿ, 5 ಹೆಕ್ಟೇರಿಗಿಂತ ಕಡಿಮೆ ಇರುವ ಉಪಖನಿಜದ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಹೊಳೆಗಳನ್ನು ಬಗೆದು ಹಾಳುಮಾಡುತ್ತಿದ್ದವರಿಗೆ ಕಡಿವಾಣ ಬೇಕೇ ಇತ್ತು, ತೀರ್ಪು ಸರಿಯಾದದ್ದೇ. ಆದರೆ ನಕ್ಷೆ, ಯೋಜನೆ, ಅರ್ಜಿ, ಶುಲ್ಕ ಇವುಗಳ ಭಾರ ದೊಡ್ಡ ಗುತ್ತಿಗೆದಾರನಿಗೂ ಒಂದೇ, ಸುತ್ತಿಗೆ ಹಿಡಿದವನಿಗೂ ಒಂದೇ ಆದಾಗ ಬಿದ್ದವನು ಯಾರೆಂದು ಹೇಳಬೇಕಾಗಿಲ್ಲ.

ಬಡವರಿಗೆ ಅನುಕೂಲವಾದ ಒಂದು ಸಂಗತಿಯೂ ಕಾಯಿದೆಯಲ್ಲಿದೆ. 2016ರ ಜನವರಿ 15ರ ಕೇಂದ್ರ ಅಧಿಸೂಚನೆಯಲ್ಲಿ ಕೆಲವು ಕೆಲಸಗಳಿಗೆ ಪರಿಸರ ಅನುಮತಿಯಿಂದ ವಿನಾಯಿತಿ ಕೊಟ್ಟರು. ಕುಂಬಾರರು ತಮ್ಮ ಕಸುಬಿಗೆ ಕೈಯಿಂದ ಜೇಡಿಮಣ್ಣು ತೆಗೆಯುವುದು, ಕೈಯಿಂದ ಹೆಂಚು ಮಾಡುವವರು ಮಣ್ಣು ತೆಗೆಯುವುದು, ನೆರೆ ಬಂದು ಹೊಲದಲ್ಲಿ ಕೂತ ಮರಳನ್ನು ರೈತ ತೆಗೆಯುವುದು, ಊರ ಕೆರೆಯ ಹೂಳು ಎತ್ತುವುದು ಮುಂತಾದವು ಆ ಪಟ್ಟಿಯಲ್ಲಿವೆ. ಇದು ಗೊತ್ತಿಲ್ಲದೆ ಎಷ್ಟೋ ಕಡೆ ಬಡಪಾಯಿ ಕುಂಬಾರನ ಗಾಡಿ ಹಿಡಿದು ನಿಲ್ಲಿಸುತ್ತಾರೆ, ಅವನು ಕೈಮುಗಿದು ನಿಲ್ಲುತ್ತಾನೆ. ಕಾಯಿದೆ ಓದಿ ಹೇಳುವವರು ಊರಿನಲ್ಲಿ ಒಬ್ಬರಿದ್ದರೂ ಸಾಕು, ಅರ್ಧ ಕಷ್ಟ ಕಳೆಯುತ್ತದೆ.

ಕೂಡಿ ದುಡಿದವರ ಮೂರು ದೃಷ್ಟಾಂತ

‘ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ’ ಎಂಬ ಸಹಕಾರದ ಮಾತು ಕಲ್ಲು ಕೆಲಸದಲ್ಲಿ ನಡೆಯುತ್ತದೆಯೇ ಅಂತ ಕೇಳುವವರಿದ್ದಾರೆ. ನಡೆದಿದೆ. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಕೇರಳದ ಊರಾಳುಂಗಲ್. ವಟಕರದ ಹತ್ತಿರದ ಆ ಊರಲ್ಲಿ ಸಮಾಜ ಸುಧಾರಕ ವಾಗ್ಭಟಾನಂದರ ಪ್ರೇರಣೆಯಿಂದ 1925ರಲ್ಲಿ 14 ಜನ ಕೂಲಿಗಳು ಸೇರಿ ಒಂದು ಪರಸ್ಪರ ಸಹಾಯ ಸಂಘ ಕಟ್ಟಿದರು. ಮೇಲ್ಜಾತಿಯ ಭೂಮಾಲೀಕರು ಕೆಲಸ ಕೊಡುವುದಿಲ್ಲವೆಂದಾಗ ಹುಟ್ಟಿದ ಸಂಘ ಅದು. ಮೊದಮೊದಲು ಸಣ್ಣಪುಟ್ಟ ರಸ್ತೆ, ಕಾಲುವೆ ಕೆಲಸ. ಮುಂದೆ ತನ್ನದೇ ಕಲ್ಲುಗಣಿ, ತನ್ನದೇ ಕ್ರಷರ್. ಇಂದು ಸಾವಿರಾರು ಕಾರ್ಮಿಕರೇ ಒಡೆಯರಾಗಿರುವ, ಹೆದ್ದಾರಿ-ಸೇತುವೆ ಕಟ್ಟುವ ದೊಡ್ಡ ಕಾರ್ಮಿಕ ಸಹಕಾರ ಸಂಘವಾಗಿದೆ. ಇರಿಂಗಲ್‌ನಲ್ಲಿ ಕಲ್ಲು ತೆಗೆದು ಬಿಟ್ಟಿದ್ದ ಜಾಗದಲ್ಲಿ 2011ರಲ್ಲಿ ತೆರೆದ ಸರ್ಗಾಲಯ ಎಂಬ ಕರಕುಶಲ ಗ್ರಾಮವನ್ನು ನಡೆಸುತ್ತಿರುವುದೂ ಈ ಸಂಘವೇ. ಕಲ್ಲು ಮುಗಿದ ಮೇಲೆ ಹಳ್ಳ ಬಿಟ್ಟು ಹೋಗಬೇಕಾಗಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ತಮಿಳುನಾಡಿನ ಪುದುಕ್ಕೋಟೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ಜಿಲ್ಲಾಡಳಿತ ಕಲ್ಲುಗಣಿಗಳನ್ನು ಗುತ್ತಿಗೆದಾರರಿಗೆ ಕೊಡುವ ಬದಲು ಕಲ್ಲು ಒಡೆಯುವ ಬಡ ಹೆಣ್ಣುಮಕ್ಕಳ ಗುಂಪುಗಳಿಗೆ ಕೊಟ್ಟಿತು. ಸುಮಾರು 170 ಗಣಿಗಳು, ಸುಮಾರು 4,000 ಹೆಂಗಸರು. ಅವರಲ್ಲಿ ಜೀತದಿಂದ ಬಿಡುಗಡೆಯಾದವರೂ ಇದ್ದರು. ಪತ್ರಕರ್ತ ಪಿ. ಸಾಯಿನಾಥ್ ಈ ಪ್ರಯೋಗದ ಬಗ್ಗೆ ಬರೆದಿದ್ದಾರೆ. ಕೂಲಿ ಹೆಚ್ಚಿತು, ಮಕ್ಕಳು ಗಣಿ ಬಿಟ್ಟು ಶಾಲೆಗೆ ಹೋದರು, ಅಕ್ಷರ ಚಳವಳಿಯ ಜೊತೆ ಹೆಂಗಸರು ಸೈಕಲ್ ಕಲಿತರು. ಆದರೆ ಗುತ್ತಿಗೆದಾರರು ಸುಮ್ಮನೆ ಕೂರಲಿಲ್ಲ, ಅವರ ಒತ್ತಡಕ್ಕೆ ಪ್ರಯೋಗ ಹಿನ್ನಡೆ ಕಂಡಿತು. ಒಬ್ಬ ಒಳ್ಳೆಯ ಅಧಿಕಾರಿ ಇರುವಾಗ ಸಿಕ್ಕಿದ್ದನ್ನು ಅಧಿಕಾರಿ ಹೋದ ಮೇಲೂ ಉಳಿಸಿಕೊಳ್ಳಬೇಕಾದರೆ ಗಟ್ಟಿ ಸಂಘ ಬೇಕು. ಪುದುಕ್ಕೋಟೆಯ ಪಾಠ ಇದು.

ಮೂರನೆಯದು ಛತ್ತೀಸಗಡದ ದಲ್ಲಿ-ರಾಜಹರಾ. ಭಿಲಾಯಿ ಕಾರ್ಖಾನೆಗೆ ಅದಿರು ಕೊಡುವ ಊರು. ಅಲ್ಲಿ ಕೈಯಲ್ಲಿ ಅದಿರು ಒಡೆಯುವ ಗುತ್ತಿಗೆ ಕಾರ್ಮಿಕರು 1977ರಲ್ಲಿ ಶಂಕರ್ ಗುಹಾ ನಿಯೋಗಿಯವರ ಮುಂದಾಳ್ತನದಲ್ಲಿ ಸಂಘ ಕಟ್ಟಿದರು. ಅದೇ ವರ್ಷ ಗೋಲಿಬಾರಿನಲ್ಲಿ 11 ಜನ ಸತ್ತರು. ಸಂಘದವರು ಕೂಲಿಯ ಹೋರಾಟಕ್ಕೇ ನಿಲ್ಲದೆ ಹೆಂಡ ಬಿಡಿಸಿದರು, ಶಾಲೆ ನಡೆಸಿದರು, ಮಡಿದವರ ನೆನಪಿಗೆ ಕಾರ್ಮಿಕರ ದುಡ್ಡು, ಕಾರ್ಮಿಕರ ಶ್ರಮದಿಂದಲೇ 1983ರಲ್ಲಿ ಶಹೀದ್ ಆಸ್ಪತ್ರೆ ತೆರೆದರು. 1991ರಲ್ಲಿ ನಿಯೋಗಿಯವರನ್ನು ಕೊಂದರು. ಆಸ್ಪತ್ರೆ ಮಾತ್ರ ನಿಲ್ಲಲಿಲ್ಲ.

ದೂರದ ಮಾತೇಕೆ? ನಮ್ಮ ನಾಡಿನದೇ ದೃಷ್ಟಾಂತವಿದೆ. 1904ರಲ್ಲಿ ಸಹಕಾರ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿದರು. ಜಾಲಗಾರರು ಹೊನ್ನು ಜಾಲಿಸುತ್ತಿದ್ದ ಕಪ್ಪತಗುಡ್ಡವೂ ಅದೇ ಗದಗ ಸೀಮೆಯಲ್ಲಿದೆ. ಉಳುವವನಿಗೆ ಸಹಕಾರ ಸಂಘ ಸಾಲ ಕೊಟ್ಟು ಸಾಹುಕಾರನ ಬಡ್ಡಿಯಿಂದ ಬಿಡಿಸಿತು. ಅಗೆಯುವವನ ಹೆಸರಿನಲ್ಲಿ ಪಹಣಿ ಇಲ್ಲ, ಪಹಣಿ ಇಲ್ಲದವನಿಗೆ ಬೆಳೆಸಾಲ ಇಲ್ಲ. ಅವನು ಮುಂಗಡಕ್ಕೆ ಗುತ್ತಿಗೆದಾರನ ಮುಂದೆಯೇ ಕೈ ಚಾಚಬೇಕು. ಆ ಮುಂಗಡ ತೀರುವುದೇ ಇಲ್ಲ. ಸಹಕಾರ ಚಳವಳಿಯ ಬಾಕಿ ಉಳಿದ ಕೆಲಸವೆಂದರೆ ಇದೇ.

ಹೊಳೆ ಒಂದೇ

ಹೊನ್ನಾಳಿಯ ಮುಂದೆ ಹರಿಯುವ ತುಂಗಭದ್ರೆಯ ಮರಳಿಗೆ ಬೇಡಿಕೆ ಬಹಳ. ಮರಳೆಂದರೆ ಬರೀ ಗಾರೆಗೆ ಬೇಕಾದ ಸಾಮಾನಲ್ಲ, ಅದು ಹೊಳೆಯ ಸ್ಪಂಜು. ಮಳೆಗಾಲದ ನೀರು ಹೀರಿಕೊಂಡು ಬೇಸಿಗೆಯಲ್ಲಿ ನಿಧಾನವಾಗಿ ಬಿಡುತ್ತದೆ. ದಡದ ಊರುಗಳ ಬಾವಿ, ಬೋರು ಬದುಕಿರುವುದು ಅದರಿಂದ. ಮಂಕರಿಯಲ್ಲಿ, ಎತ್ತಿನ ಗಾಡಿಯಲ್ಲಿ ತೆಗೆದರೆ ಮುಂದಿನ ಮಳೆಗೆ ಹೊಳೆಯೇ ತುಂಬಿಕೊಡುತ್ತದೆ. ಯಂತ್ರ ಇಳಿಸಿ ಆಳಕ್ಕೆ ಬಗೆದರೆ ಹೊಳೆಯ ತಳ ಕುಸಿಯುತ್ತದೆ, ದಡ ಕೊಚ್ಚುತ್ತದೆ, ಗುಂಡಿಗಳಲ್ಲಿ ಮಕ್ಕಳು-ದನ ಬೀಳುತ್ತವೆ.

ಇದು ಹೊನ್ನಾಳಿಯವರ ಚಿಂತೆ ಮಾತ್ರ ಎಂದು ಜಗಳೂರಿನವರು ಸುಮ್ಮನಿರುವ ಹಾಗಿಲ್ಲ. ಜಗಳೂರು ಸೀಮೆಯ 57 ಕೆರೆಗಳಿಗೆ ನೀರು ಹಾಯಿಸುವ ಯೋಜನೆಯ ನೀರು ಬರಬೇಕಾದದ್ದು ಇದೇ ತುಂಗಭದ್ರೆಯಿಂದ. ಮೇಲಿನವರು ಹೊಳೆ ಬಗೆದರೆ ಕೆಳಗಿನವರ ಕೆರೆಗೆ ಏನು ಬಂದೀತು? ಕೆರೆಗೆ ನೀರು ಬರುವ ಮೊದಲು ಹೂಳು ಎತ್ತಬೇಕು. ಆ ಹೂಳೆತ್ತುವ ವಿದ್ಯೆ ಇರುವುದು ನಮ್ಮ ಮಣ್ಣು ಕೆಲಸದವರಲ್ಲೇ. ಎತ್ತಿದ ಗೋಡು ಹೊಲಕ್ಕೆ ಗೊಬ್ಬರ, ಕುಂಬಾರನಿಗೆ ಜೇಡಿ, ಕೂಲಿಯವನಿಗೆ ಅನ್ನ. ಒಂದೇ ಗುದ್ದಲಿಯಿಂದ ನಾಲ್ಕು ಕೆಲಸ.

ಧೂಳು ಮತ್ತು ಮದ್ದು

2021ರ ಜನವರಿ 21ರ ರಾತ್ರಿ ಸುಮಾರು 10.20ರ ಹೊತ್ತು ನಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಕಿಟಕಿಗಳು ಗಡಗಡ ನಡುಗಿದವು, ಭೂಕಂಪವೆಂದು ಜನ ಬೀದಿಗೆ ಬಂದರು. ಅದು ಭೂಕಂಪವಲ್ಲ. ಶಿವಮೊಗ್ಗದ ಹತ್ತಿರ ಹುಣಸೋಡಿನ ಕ್ರಷರ್ ಬಳಿ ಸಿಡಿಮದ್ದು ತುಂಬಿದ್ದ ವಾಹನ ಸ್ಫೋಟಿಸಿತ್ತು. ಸತ್ತವರು ಕನಿಷ್ಠ 5 ಜನ, ಎಲ್ಲರೂ ದುಡಿದು ತಿನ್ನುವವರು. ಒಂದು ತಿಂಗಳು ಕಳೆಯುತ್ತಿದ್ದಂತೆಯೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಇನ್ನೊಂದು ಸ್ಫೋಟ, ಇನ್ನೂ 6 ಜೀವ. ಚಾಣ-ಸುತ್ತಿಗೆಯ ಕಾಲದಲ್ಲಿ ಕೈ ಜಜ್ಜುತ್ತಿತ್ತು, ಕಣ್ಣಿಗೆ ಚಕ್ಕೆ ಹಾರುತ್ತಿತ್ತು. ಈಗ ಮನೆಗೆ ಹೆಣವೂ ಸರಿಯಾಗಿ ಬರುವುದಿಲ್ಲ.

ಸದ್ದಿಲ್ಲದೆ ಕೊಲ್ಲುವ ಇನ್ನೊಂದು ಶತ್ರು ಧೂಳು. ಕಲ್ಲಿನ ನುಣ್ಣನೆಯ ಪುಡಿ ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ರೋಗ ತರುತ್ತದೆ. ಕೆಮ್ಮು, ದಮ್ಮು, ಸವೆತ. ಅನೇಕರಿಗೆ ಕ್ಷಯವೆಂದು ಔಷಧಿ ಕೊಟ್ಟು ಸುಮ್ಮನಾಗುತ್ತಾರೆ. ಬಂದ ಮೇಲೆ ವಾಸಿಮಾಡುವ ಮದ್ದಿಲ್ಲ, ಬಾರದಂತೆ ತಡೆಯುವುದೇ ದಾರಿ. ನೀರು ಚಿಮುಕಿಸಿ ಕೊರೆದರೆ ಧೂಳು ಬಹಳ ಕಡಿಮೆಯಾಗುತ್ತದೆ. ರಾಜಸ್ಥಾನದಲ್ಲಿ ಗಣಿ ಕಾರ್ಮಿಕರ ಸಂಘಟನೆಗಳು ಬಹಳ ವರ್ಷ ಬಡಿದಾಡಿದ ಮೇಲೆ 2019ರಲ್ಲಿ ಅಲ್ಲಿನ ಸರ್ಕಾರ ಈ ರೋಗಕ್ಕೆಂದೇ ನೀತಿ ತಂದು ರೋಗಿಗಳಿಗೆ, ಅವರ ಕುಟುಂಬಕ್ಕೆ ಸಹಾಯಧನದ ವ್ಯವಸ್ಥೆ ಮಾಡಿತು. ಕೇಳಿದ್ದಕ್ಕೆ ಸಿಕ್ಕಿತು. ಒಬ್ಬೊಬ್ಬರೇ ಕೇಳಿದ್ದರೆ ಸಿಗುತ್ತಿರಲಿಲ್ಲ.

ಊರಿನ ಪಾಲು

2015ರಲ್ಲಿ ಗಣಿ ಕಾಯಿದೆಗೆ ಒಂದು ಮುಖ್ಯ ತಿದ್ದುಪಡಿ ಬಂತು. ಗಣಿ ಇರುವ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ಮುಖ್ಯ ಖನಿಜಗಳ ಗಣಿಯವರು ರಾಜಧನದ ಮೇಲೆ ಇಂತಿಷ್ಟು, ಅಂದರೆ ಹಳೆಯ ಗುತ್ತಿಗೆಯವರು ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟು, ಹೆಚ್ಚುವರಿಯಾಗಿ ಈ ನಿಧಿಗೆ ಕಟ್ಟಬೇಕು. ಉಪಖನಿಜಗಳಿಗೂ ಇಂಥ ವಂತಿಗೆ ಗೊತ್ತುಮಾಡುವ ಅಧಿಕಾರ ರಾಜ್ಯಗಳಿಗಿದೆ. ಈ ಹಣ ಗಣಿಯಿಂದ ತೊಂದರೆಗೊಳಗಾದ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ, ಹೆಂಗಸರು-ಮಕ್ಕಳ ಕಲ್ಯಾಣಕ್ಕೆ ಮೊದಲು ಬಳಕೆಯಾಗಬೇಕು. 2015ರ ಮಾರ್ಗಸೂಚಿಯಲ್ಲೇ ಕನಿಷ್ಠ ಶೇ. 60 ಇಂಥ ಕೆಲಸಗಳಿಗೆ ಎಂದು ಗೊತ್ತುಮಾಡಿದ್ದರು.

ಇದು ಯಾರೋ ದಾನ ಕೊಡುವ ದುಡ್ಡಲ್ಲ. ನಮ್ಮ ಗುಡ್ಡದಿಂದ ಹೋದ ಕಲ್ಲಿನ ಋಣ ತೀರಿಸುವ ದುಡ್ಡು. ಗ್ರಾಮಸಭೆಯಲ್ಲಿ ಎದ್ದು ನಿಂತು ‘ನಮ್ಮ ಊರಿನ ಗಣಿಯಿಂದ ಎಷ್ಟು ಬಂತು, ಎಲ್ಲಿಗೆ ಹೋಯಿತು?’ ಅಂತ ಕೇಳುವವರಿದ್ದರೆ ಊರಿಗೆ ಬರುತ್ತದೆ. ಕೇಳದಿದ್ದರೆ ಬೇರೆ ಎಲ್ಲೋ ಕಮಾನು-ಕಾಂಪೌಂಡು ಆಗುತ್ತದೆ.

ಸಂಘಗಳು ಮಾಡಬಹುದಾದ್ದು

ಪ್ರಪಂಚದಲ್ಲಿ ಕೈಯಿಂದ, ಸಣ್ಣ ಪ್ರಮಾಣದಲ್ಲಿ ಖನಿಜ ತೆಗೆದು ಬದುಕುವವರು 4 ಕೋಟಿಗೂ ಹೆಚ್ಚೆಂದು ವಿಶ್ವಬ್ಯಾಂಕಿನ ಅಂದಾಜು. ಚಿನ್ನ ತೊಳೆಯುವವರು ಬಳಸುವ ಪಾದರಸದ ವಿಷ ಕಡಿಮೆ ಮಾಡಲು 2013ರಲ್ಲಿ ಮಿನಮಾಟ ಒಪ್ಪಂದವನ್ನೇ ಮಾಡಿಕೊಂಡಿದ್ದಾರೆ. ಅಷ್ಟು ದೊಡ್ಡ ಮಾತು ನಮಗೆ ಬೇಡ. ಹಳ್ಳಿಯ ಸಹಕಾರ ಸಂಘದ ಕೈಗೆಟಕುವ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಪಹಣಿ ಇಲ್ಲದ ಕಲ್ಲು-ಮಣ್ಣು ಕೆಲಸದವರನ್ನೂ, ವಿಶೇಷವಾಗಿ ಅವರ ಮನೆಯ ಹೆಣ್ಣುಮಕ್ಕಳನ್ನೂ, ಸದಸ್ಯರನ್ನಾಗಿ ಮಾಡಿಕೊಂಡು ಸ್ವಸಹಾಯ ಗುಂಪುಗಳ ಮೂಲಕ ಸಾಲ ಕೊಡುವುದು. ಗುತ್ತಿಗೆದಾರನ ಮುಂಗಡದಿಂದ ಅವರು ಬಿಡುಗಡೆಯಾದರೆ ಅರ್ಧ ಸ್ವಾತಂತ್ರ್ಯ ಬಂದಂತೆ.

ಎರಡು, ಆರೋಗ್ಯ. ಸಹಕಾರಿಗಳಿಗೆಂದು 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ ನಡುವೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಜಾರಿಗೆ ಬಂತು. ಸಂಘದ ಸದಸ್ಯನಾದರೆ ತಾನೆ ಅದರ ಬಾಗಿಲು ತೆರೆಯುವುದು? ವರ್ಷಕ್ಕೊಮ್ಮೆ ಕಲ್ಲು ಕೆಲಸದವರ ಎದೆ ಪರೀಕ್ಷೆಯ ಶಿಬಿರ ಮಾಡಿಸುವುದು ಸಂಘಕ್ಕೆ ದೊಡ್ಡ ಖರ್ಚಲ್ಲ.

ಮೂರು, ಕಾರ್ಮಿಕರ ಗುತ್ತಿಗೆ ಸಹಕಾರ ಸಂಘ. ಹತ್ತಾರು ಕುಶಲ ಕಲ್ಲು ಕೆಲಸದವರು ಕೂಡಿ ನೋಂದಣಿ ಮಾಡಿಸಿದರೆ ಅರ್ಜಿ, ನಕ್ಷೆ, ಶುಲ್ಕದ ಭಾರ ಹಂಚಿಹೋಗುತ್ತದೆ, ಪಂಚಾಯ್ತಿಯ ಕೆರೆ-ಕಾಲುವೆ ಕೆಲಸ ನೇರವಾಗಿ ಕೇಳಬಹುದು. ನಮ್ಮ ಹಿರಿಯ ಸಂಘಗಳು ಅವರಿಗೆ ಲೆಕ್ಕ ಬರೆಯುವುದನ್ನು, ಸಭೆ ನಡೆಸುವುದನ್ನು ಕಲಿಸಲಿ. ಇಪ್ಪತ್ತೈದು ವರ್ಷದ ಅನುಭವ ಬೀರುವಿನಲ್ಲಿ ಇಡುವ ಸೊತ್ತಲ್ಲ.

ನಾಲ್ಕು, ಬಿಟ್ಟುಹೋದ ಕಲ್ಲುಗುಂಡಿಗಳು. ಬೇಲಿ ಇಲ್ಲದೆ ಬಾಯಿ ತೆರೆದು ನಿಂತ ಇಂಥ ಗುಂಡಿಗಳಿಗೆ ಮೊದಲು ಬೇಲಿ ಹಾಕಿಸಬೇಕು. ನೀರು ನಿಲ್ಲುವ ಕಡೆ ಮೀನು ಸಾಕಣೆಗೋ ದನದ ನೀರಿಗೋ ಬಳಸಬಹುದು. ಮಣ್ಣು ತುಂಬುವ ಕಡೆ ಹೊಂಗೆ, ಬೇವು ಹಚ್ಚಬಹುದು. ಖನಿಜ ನಿಧಿಯಿಂದ ಇದಕ್ಕೆ ಹಣ ಕೇಳಲು ಪೂರ್ತಿ ಹಕ್ಕಿದೆ.

ಸೂಳೆಕೆರೆಯ ಏರಿಯ ಮೇಲೆ ನಡೆಯುವಾಗ ಕಾಲ ಕೆಳಗಿನ ಮಣ್ಣು ಹೊತ್ತವರು ಅಲ್ಲಿಯೇ ಎಲ್ಲೋ ಗುಡಿಸಲು ಹಾಕಿಕೊಂಡಿದ್ದವರು, ಕೆಲಸ ಮುಗಿದ ಮೇಲೆ ಮುಂದಿನ ಊರಿಗೆ ಹೊರಟವರು. ಅವರ ಸಂತತಿ ಇಂದು ನಮ್ಮ ಊರಿನಲ್ಲೇ ನೆಲೆ ನಿಂತಿದೆ. ಮಕ್ಕಳು ನಮ್ಮ ಶಾಲೆಗೇ ಬರುತ್ತಾರೆ. ಸಹಕಾರ ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಅವರು ಹೊರಗೆ ಶಾಮಿಯಾನದ ಗೂಟ ಹೊಡೆಯುವವರಾಗಿ ನಿಲ್ಲದೆ ಒಳಗೆ ಕೈಯೆತ್ತಿ ಮತ ಹಾಕುವವರಾಗಿ ಕೂರಲಿ. ಬೆಳ್ಳಿಹಬ್ಬ ಮುಂದೆ ಹೊನ್ನಿನ ಹಬ್ಬವಾಗಲಿ. ಆ ಹೊನ್ನಿನಲ್ಲಿ ಅಗೆದವನಿಗೂ ಪಾಲು ಇರಲಿ.

ಜೈ ಸಹಕಾರ.